ಪದ್ಮಾಕ್ಷಿಯಮ್ಮ ಬೆರಳಿಟ್ಟು ಬಿಟ್ಟ ವರ್ಷನ್‌ಗಳು

ಮೂಡುಬಿದಿರೆಯ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಸುಪ್ರೀತಕ್ಕ ಅಂತ ಇದ್ದಾರೆ. ಲ್ಯಾಬ್ ಇನ್‌ಸ್ಟ್ರಕ್ಟರ್ ಆದದ್ದರಿಂದ ಮೇಡಂ ಅನ್ನಬೇಕು, ಯಾರೂ ಅನ್ನುವುದಿಲ್ಲ. ಅವರ ತಾಯಿ ಪದ್ಮಾಕ್ಷಿಯಮ್ಮ. ವಾಮದಪದವಿನಿಂದ ಸ್ವಲ್ಪ ಒಳಗೆ ಮನೆ, ಬೀಡಿ ಕಟ್ಟುವ ಕೆಲಸ. ನಾನು ಬರೆಯಲು ಹೊರಟದ್ದು ಈ ತಾಯಿಯ ಬಗ್ಗೆ. ಯಾಕೆಂದರೆ ಎಲ್ಲೆಲ್ಲಿಯೋ ದೇಶಗಳ ಆಸ್ಪತ್ರೆ, ಶಾಲೆ, ರಕ್ತನಿಧಿಗಳ ಕಂಪ್ಯೂಟರುಗಳೊಳಗೆ ಓಡುತ್ತಿರುವ ಒಂದು ಓಪನ್ ಸೋರ್ಸ್ ಲೈಬ್ರರಿಯ ಅಲ್ಲಿಯವರೆಗಿನ ಪ್ರತಿಯೊಂದು ವರ್ಷನ್ನೂ ಈ ಬೀಡಿ ಕಟ್ಟುವ ಅಮ್ಮನ ಬೆರಳು ಮುಟ್ಟಿಯೇ ಹೊರಗೆ ಹೋದದ್ದು ಅಂತ ಗೊತ್ತಾದ ದಿನ ನನಗೆ ಲ್ಯಾಬಿನಲ್ಲಿ ಕೂರಲಿಕ್ಕೇ ಆಗಲಿಲ್ಲ, ಎದ್ದು ಕಾರಿಡಾರಿನಲ್ಲಿ ಎರಡು ಸುತ್ತು ಹಾಕಿ ಬಂದು ಮತ್ತೊಮ್ಮೆ ಹೇಳಿ ಅಕ್ಕ, ಮತ್ತೊಮ್ಮೆ ಹೇಳಿ ಎಂದು ಅವರನ್ನು ಪೀಡಿಸಿದೆ.

ಲೈಬ್ರರಿ ಎಂದರೆ ಇಲ್ಲಿ ಪುಸ್ತಕದ ಲೈಬ್ರರಿಯಲ್ಲ. ಒಬ್ಬರು ಬರೆದಿಟ್ಟ ಕೋಡನ್ನು ಉಳಿದವರು ತಮ್ಮ ಸಾಫ್ಟ್‌ವೇರಿನೊಳಗೆ ಹಾಗೆಯೇ ಸೇರಿಸಿಕೊಳ್ಳುವಂತೆ ಮಾಡಿದ ಕಟ್ಟು. ಈ ಲೈಬ್ರರಿಯ ಕೆಲಸ ಬಾಗಿಲು ಕಾಯುವುದು. ನರ್ಸ್ ರೋಗಿಯ ವಿವರ ನೋಡಬಹುದು, ಬಿಲ್ಲು ತಿದ್ದುವಂತಿಲ್ಲ. ಟೀಚರ್ ತನ್ನ ಕ್ಲಾಸಿನ ಅಂಕ ಹಾಕಬಹುದು, ಪಕ್ಕದ ಕ್ಲಾಸಿನದ್ದು ಹಾಕುವಂತಿಲ್ಲ. ಹೀಗೆ ಯಾರಿಗೆ ಎಲ್ಲಿಯವರೆಗೆ ಪ್ರವೇಶ ಎಂದು ಅದು ತೀರ್ಮಾನಿಸುತ್ತದೆ. ಅದರ ಹೆಸರು ತಡಮೆ. ತೋಟದ ಬೇಲಿಯಲ್ಲಿ ಮನುಷ್ಯರು ಕಾಲೆತ್ತಿ ದಾಟುವಂತೆ, ದನಗಳು ದಾಟದಂತೆ ಬಿಡುವ ಕಿಂಡಿಗೆ ನಮ್ಮ ಕಡೆ ತಡಮೆ ಅನ್ನುತ್ತೇವಲ್ಲ, ಅದೇ. ಎಷ್ಟು ಚಂದದ ಹೆಸರು. ಹೊರದೇಶದವರು ಅದನ್ನು ಹೇಗೆ ಉಚ್ಚರಿಸುತ್ತಾರೋ ಗೊತ್ತಿಲ್ಲ, ಟೈಪ್ ಮಾಡುವುದಂತೂ ಸರಿಯಾಗಿಯೇ ಮಾಡುತ್ತಾರೆ.

ಬರೆದವನು ಸಂದೇಶ್, ಪದ್ಮಾಕ್ಷಿಯಮ್ಮನ ಮಗ, ಸುಪ್ರೀತಕ್ಕನ ತಮ್ಮ.

ಪದ್ಮಾಕ್ಷಿಯಮ್ಮ ಹುಟ್ಟಿದ್ದು ವೇಣೂರಿನ ಹತ್ತಿರ, ಹೊಳೆಯ ಆಚೆ ಬದಿಯಲ್ಲಿ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟರು, ಅಷ್ಟರಲ್ಲಿ ಬೀಡಿ ಕಟ್ಟಲಿಕ್ಕೆ ಬರುತ್ತಿತ್ತು. ಮದುವೆಯಾಗಿ ವಾಮದಪದವಿನ ಈ ಬದಿಗೆ ಬಂದಾಗ ತವರಿನಿಂದ ಬಂದ ಸಾಮಾನಿನಲ್ಲಿ ಬೀಡಿಯ ಎಲೆ, ತಂಬಾಕು ಹರಡಿಕೊಳ್ಳುವ ಮೊರದಂಥ ಸೂಪೂ ಇತ್ತು, ಬಂದ ಮೂರನೆಯ ದಿನ ಅತ್ತೆಯ ಪಕ್ಕದಲ್ಲಿ ಅದನ್ನು ಮಡಿಲಲ್ಲಿಟ್ಟು ಕೂತರು. ಗಂಡ ನೋಣಯ್ಯ ಬೆಳಿಗ್ಗೆ ಬೇರೆಯವರ ರಬ್ಬರ್ ಟ್ಯಾಪಿಂಗ್ ಮಾಡಿ, ಹಗಲು ತಮ್ಮದೇ ಸ್ವಲ್ಪ ಗದ್ದೆ ನೋಡಿಕೊಳ್ಳುತ್ತಿದ್ದರು. ಮಕ್ಕಳು ಹೈಸ್ಕೂಲಿಗೆ ಹೋಗುವಾಗ ಜಾಂಡೀಸ್ ಆಗಿ ತೀರಿಕೊಂಡರು. ಆಮೇಲೆ ಮನೆ ನಡೆದದ್ದು ಬೀಡಿಯಿಂದ, ಎಲೆ ತಂಬಾಕು ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನಿಂದ ಬರುವ ಮಜೂರಿಯಿಂದ. ಸುಪ್ರೀತಕ್ಕ ಬಿಸಿಎ ಮಾಡಿದರು, ಸಂದೇಶ್ ಡಿಪ್ಲೊಮಾ ಮಾಡಿ ಪುಂಜಾಲಕಟ್ಟೆಯ ಕಡೆ ಒಂದು ಸಹಕಾರಿ ಸಂಘದಲ್ಲಿ ಕಂಪ್ಯೂಟರ್ ಆಪರೇಟರ್ ಆದ.

ಆ ಸಂಘದ ಸಾಫ್ಟ್‌ವೇರಿನಲ್ಲಿ ಯಾರು ಬೇಕಾದರೂ ಯಾರ ಖಾತೆಯನ್ನು ಬೇಕಾದರೂ ನೋಡಬಹುದಿತ್ತು. ಒಬ್ಬ ಹೆಂಗಸು ಬಳೆ ಅಡವಿಟ್ಟು ಹೋದದ್ದು ಸಂಜೆಯೊಳಗೆ ಅವಳ ಮೈದುನನಿಗೆ ಗೊತ್ತಾಗಿ ಮನೆಯಲ್ಲಿ ದೊಡ್ಡ ಗಲಾಟೆಯಾಯಿತು. ಆ ಹೆಂಗಸು ಮರುದಿನ ಕೌಂಟರಿನ ಮುಂದೆ ನಿಂತು ಇವನ ಮುಖವನ್ನೇ ನೋಡಿದಳಂತೆ. ಸಂದೇಶ್ ಆ ವಾರವೇ ಬರೆಯಲಿಕ್ಕೆ ಕೂತ. ಅದೇ ಬೆಳೆದು ತಡಮೆಯಾಯಿತು. ಅವನು ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟ. ಓದಬಹುದು, ತಿದ್ದಬಹುದು, ಯಾರಿಗೂ ಏನೂ ಕೊಡಬೇಕಾಗಿಲ್ಲ. ಅದನ್ನು ಮೊದಲು ಎತ್ತಿಕೊಂಡದ್ದು ಎಲ್ಲಿಯೋ ದೂರದ ಒಂದು ಊರಿನ ಶಾಲೆ. ಆಮೇಲೆ ಒಬ್ಬರಿಂದ ಒಬ್ಬರಿಗೆ.

ಹೊಸ ವರ್ಷನ್ ಬಿಡುವುದಕ್ಕೆ ಒಂದು ಕ್ರಮ ಉಂಟು. ಎಲ್ಲರೂ ಇಳಿಸಿಕೊಳ್ಳುವ ಸೈಟಿಗೆ ಅದನ್ನು ಏರಿಸಬೇಕು. ಅದಕ್ಕೆ ಪಾಸ್‌ವರ್ಡ್ ಮಾತ್ರ ಸಾಲದು. ಪೆನ್‌ಡ್ರೈವಿನ ಹಾಗಿರುವ ಒಂದು ಸಣ್ಣ ಕೀಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಬೇಕು, ಅದರಲ್ಲಿ ಹಸಿರು ದೀಪ ಮಿಣುಕುತ್ತದೆ, ಆಗ ಅದನ್ನು ಬೆರಳಿನಿಂದ ಮುಟ್ಟಬೇಕು. ಯಾರ ಬೆರಳಾದರೂ ಆಗುತ್ತದೆ. ಅಲ್ಲಿ ಒಬ್ಬ ಮನುಷ್ಯ ಕೂತಿದ್ದಾನೆ ಅಂತ ಅದಕ್ಕೆ ಗೊತ್ತಾದರೆ ಸಾಕು. ಸಂದೇಶ್ ಆ ಕೀಯನ್ನು ಕಪ್ಪು ದಾರದಲ್ಲಿ ಕುತ್ತಿಗೆಗೆ ಹಾಕಿಕೊಂಡು ತಿರುಗುತ್ತಿದ್ದ. ಸ್ನಾನಕ್ಕೆ ಹೋಗುವಾಗ ಮಾತ್ರ ಮೊಳೆಗೆ ನೇತುಹಾಕುತ್ತಿದ್ದ.

ಮೊದಲ ವರ್ಷನ್ ಬಿಡುವ ಸಂಜೆ ಅವನ ಎರಡೂ ಕೈಯಲ್ಲಿ ಹಲಸಿನ ಮೇಣವಿತ್ತು. ಕಮಾಂಡ್ ಹೊಡೆದು ಬಿಟ್ಟಿದ್ದ, ತೊಳೆ ಬಿಡಿಸುತ್ತಾ ಕೂತಿದ್ದ, ದೀಪ ಮಿಣುಕಲು ಶುರುವಾಯಿತು. ಪದ್ಮಾಕ್ಷಿಯಮ್ಮ ಸೂಪು ಹಿಡಿದುಕೊಂಡು ಆ ದಾರಿಯಾಗಿ ಒಳಗೆ ಹೋಗುತ್ತಿದ್ದರು. ಅವರ ಮನೆಯಲ್ಲಿ ಮಾತೆಲ್ಲ ತುಳುವಿನಲ್ಲಿ, ನಾನಿಲ್ಲಿ ಕನ್ನಡ ಮಾಡಿದ್ದೇನೆ.

"ಎಂತ ಅದು ಮಿಣಿಮಿಣಿ ಮಾಡುದು?"

"ಮುಟ್ಟಿ ನೋಡು."

"ಶಾಕ್ ಹೊಡಿತದಾ?"

"ಹೊಡೆದ್ರೆ ನಾನೇ ಬೀಡಿ ಬ್ರಾಂಚಿಗೆ ಹೋಗಿ ನಿಂಗೆ ರಜೆ ಹೇಳಿ ಬರ್ತೇನೆ."

ಅವರು ಮುಟ್ಟಿದರು. ಪರದೆಯ ಮೇಲೆ ನಾಲ್ಕು ಸಾಲು ಓಡಿತು, ತಡಮೆ ಜಗತ್ತಿಗೆ ಹೋಯಿತು. ಮರುದಿನ ಬೆಳಿಗ್ಗೆ ನೋಡಿದರೆ ಅದನ್ನು ಆಗಲೇ ಹನ್ನೊಂದು ಮಂದಿ ಇಳಿಸಿಕೊಂಡಿದ್ದರು, ಸಂದೇಶ್ ಅಮ್ಮನ ಕೈಗುಣ ಅಂತ ಊರಿಡೀ ಹೇಳಿದ. ಅಲ್ಲಿಂದ ಅದು ರೂಢಿಯೇ ಆಯಿತು. ಇವನು ಕಮಾಂಡ್ ಹೊಡೆಯುವುದು, ಅಮ್ಮನನ್ನು ಕರೆಯುವುದು, ಅವರು ಬಂದು ಮುಟ್ಟುವುದು. ಇವತ್ತು ಬಿಡ್ಲಿಕ್ಕುಂಟಾ ಅಂತ ಅವರೇ ಕೇಳಲು ಶುರುಮಾಡಿದರು. ಒಂದು ಸಲ ಬಿಟ್ಟ ವರ್ಷನ್ನಿನಲ್ಲಿ ಏನೋ ಎಡವಟ್ಟಾಗಿ ಅದೇ ದಿನ ಹಿಂದೆ ತೆಗೆಯಬೇಕಾಯಿತು. ತಪ್ಪು ಸಂದೇಶನದ್ದು, ಒಂದು ಫೈಲ್ ಸೇರಿಸಲು ಮರೆತಿದ್ದ. ಆದರೆ ಪದ್ಮಾಕ್ಷಿಯಮ್ಮ ಒಪ್ಪಲಿಲ್ಲ. ತಂಬಾಕಿನ ಕೈಯಲ್ಲಿ ಮುಟ್ಟಿದ್ದರಿಂದಲೇ ಹೀಗಾಯಿತು ಎಂದು ಅವರಿಗೆ ಖಾತ್ರಿ. ಆಮೇಲೆ ಯಾವತ್ತೂ ಬಚ್ಚಲಿಗೆ ಹೋಗಿ ಸಾಬೂನು ಹಾಕಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡೇ ಬಂದು ಮುಟ್ಟುತ್ತಿದ್ದರು.

ಇನ್ನೊಂದು ಉಂಟು, ಇದನ್ನು ಕೇಳಿ ನಾನು ನಕ್ಕು ನಕ್ಕು ಸುಸ್ತಾದೆ. ಆಟಿ ತಿಂಗಳಲ್ಲಿ, ಅಂದರೆ ಜೋರು ಮಳೆಯ ಆಷಾಢದ ಹೊತ್ತಿನಲ್ಲಿ, ಅವರು ಮುಟ್ಟುವುದಿಲ್ಲ. ಆಟಿಯಲ್ಲಿ ಹೊಸತು ಎಂತದ್ದೂ ಶುರುಮಾಡಬಾರದು, ಮದುವೆ ಇಲ್ಲ, ಮನೆಯೊಕ್ಕಲು ಇಲ್ಲ, ಹಾಗಿರುವಾಗ ವರ್ಷನ್ ಹೇಗೆ ಬಿಡುವುದು? ಸೋಣ ತಿಂಗಳು ಬರುವವರೆಗೆ ತಡಮೆಯಲ್ಲಿ ಹೊಸತಿಲ್ಲ. ಎರಡು ಮೂರು ವರ್ಷ ಇದನ್ನು ಗಮನಿಸಿದ ಹೊರದೇಶದ ಒಬ್ಬರು, ಪ್ರತಿ ವರ್ಷ ಜುಲೈ ಮಧ್ಯದಿಂದ ನಿಮ್ಮಲ್ಲಿ ಕೆಲಸ ಯಾಕೆ ನಿಲ್ಲುತ್ತದೆ ಅಂತ ಕೇಳಿದರು. ನಮ್ಮ ರಿಲೀಸ್ ಮ್ಯಾನೇಜರ್ ರಜೆಯಲ್ಲಿದ್ದಾರೆ ಅಂತ ಸಂದೇಶ್ ಉತ್ತರ ಬರೆದ. ಅದು ಈಗಲೂ ತಡಮೆಯ ಪುಟದಲ್ಲಿ ಉಂಟು, ಯಾರು ಬೇಕಾದರೂ ಓದಬಹುದು.

ಕೀ ಒಂದೇ ಇದ್ದದ್ದು. ಸುಪ್ರೀತಕ್ಕನೂ ತಡಮೆಯ ಕೋಡ್ ಬರೆಯುತ್ತಿದ್ದರು, ಆದರೆ ಬಿಡುವ ಅಧಿಕಾರ ಸಂದೇಶನ ಹೆಸರಿನಲ್ಲಿ ಮಾತ್ರ. ನಿನಗೂ ಒಂದು ಕೀ ತೆಗೆದು ಕೊಡುತ್ತೇನೆ ಅಂತ ಅವನು ಹೇಳುತ್ತಲೇ ಇದ್ದ. ಮುಂದಿನ ತಿಂಗಳು ಅನ್ನುತ್ತಿದ್ದ.

ಕಳೆದ ಜನವರಿಯಲ್ಲಿ ಕೆಲಸದಿಂದ ಮನೆಗೆ ಬರುವಾಗ ತಿರುವಿನಲ್ಲಿ ಕೆಂಪು ಕಲ್ಲಿನ ಲಾರಿ ಅವನ ಬೈಕಿಗೆ ಬಡಿಯಿತು. ಆಸ್ಪತ್ರೆಗೆ ತಲುಪುವ ಮೊದಲೇ ಜೀವ ಹೋಗಿತ್ತು. ಮೊಬೈಲ್ ಪುಡಿಯಾಗಿತ್ತು, ಕೀ ಕಳೆದುಹೋದರೆ ಬೇಕಾಗುವ ಬದಲಿ ಕೋಡುಗಳೆಲ್ಲ ಅದರಲ್ಲೇ ಇದ್ದವು. ಆಸ್ಪತ್ರೆಯವರು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟದ್ದು ವಾಚು, ಪರ್ಸು, ಮತ್ತೆ ಕಪ್ಪು ದಾರದಲ್ಲಿದ್ದ ಆ ಕೀ. ಅದಕ್ಕೆ ಒಂದು ಗೀರೂ ಆಗಿರಲಿಲ್ಲ.

ನಮ್ಮಲ್ಲಿ ಉತ್ತರಕ್ರಿಯೆಗೆ ಬೊಜ್ಜ ಅನ್ನುತ್ತಾರೆ. ಸುಟ್ಟ ಜಾಗದಲ್ಲಿ ಮಣ್ಣಿನ ದಿಬ್ಬ, ಅಂದರೆ ದೂಪೆ ಕಟ್ಟಿ, ತೀರಿಕೊಂಡವರಿಗೆ ಇಷ್ಟವಾದ ವಸ್ತುಗಳನ್ನು ಅದರಲ್ಲಿ ಇಡುವ ಕ್ರಮ ಉಂಟು. ಎಲೆಯಡಿಕೆ ಹಾಕುವವರಾದರೆ ಅವರ ಎಲೆಯಡಿಕೆಯ ಪೆಟ್ಟಿಗೆ, ಕೊಡೆ ಬಿಡದವರಾದರೆ ಕೊಡೆ. ಕ್ರಿಯೆ ನಡೆಸಿದ ಜತ್ತಪ್ಪ ಗುರಿಕಾರರು, ಹುಡುಗನಿಗೆ ಇಷ್ಟದ್ದು ಎಂತ ಉಂಟೋ ತನ್ನಿ ಅಂದರು. ಪದ್ಮಾಕ್ಷಿಯಮ್ಮ ಒಳಗೆ ಹೋಗಿ ಅವನ ವಾಲಿಬಾಲ್ ಬನಿಯನ್, ಚಾ ಕುಡಿಯುವ ಸ್ಟೀಲಿನ ಲೋಟ ಮತ್ತು ಕೀ ತಂದುಕೊಟ್ಟರು. ಸುಪ್ರೀತಕ್ಕ ಆ ಹೊತ್ತಿಗೆ ಹಿಂಬದಿಯಲ್ಲಿ ಬಾಳೆಲೆ ತೊಳೆಯುತ್ತಿದ್ದರು. ಜತ್ತಪ್ಪನವರು ಮೂರನ್ನೂ ದೂಪೆಯೊಳಗಿಟ್ಟು ಮಣ್ಣು ಮೆತ್ತಿದರು.

ಶಿವರಾತ್ರಿ ಕಳೆದ ಮೇಲೆ ಲ್ಯಾಬಿಗೆ ಆಫ್ರಾ ಎಂಬವರು ಬಂದರು. ಅವರು ಬಂಟ್ವಾಳದವರು, ಸಣ್ಣ ಸಣ್ಣ ಕ್ಲಿನಿಕ್‌ಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಾರೆ, ಅದರೊಳಗೆ ತಡಮೆ ಉಂಟು. ಇದನ್ನು ಬರೆದವರು ನಮ್ಮದೇ ತಾಲೂಕಿನವರು ಅಂತ ಅವರಿಗೂ ಗೊತ್ತಿರಲಿಲ್ಲವಂತೆ. ಅವರು ತಡಮೆಯಲ್ಲಿ ಒಂದು ತೂತು ಕಂಡುಹಿಡಿದಿದ್ದರು. ಕೆಲಸದಿಂದ ತೆಗೆದವರ ಹೆಸರನ್ನು ಒಂದು ಗುಂಪಿನಿಂದ ಅಳಿಸಿದರೂ, ಆ ಗುಂಪು ಇನ್ನೊಂದು ಗುಂಪಿನ ಒಳಗಿದ್ದರೆ, ಅಳಿಸಿದವರು ಮೊದಲಿನ ಹಾಗೆಯೇ ಒಳಗೆ ಬರಬಹುದಿತ್ತು. ಹೀಗೆ ತೂತು ಕಂಡವರು ಅದನ್ನು ಊರಿಗೆಲ್ಲ ಹೇಳುವುದಿಲ್ಲ, ಮೊದಲು ಗುಟ್ಟಿನಲ್ಲಿ ಬರೆದವರಿಗೆ ತಿಳಿಸಿ ಸರಿಮಾಡಲು ಸಮಯ ಕೊಡುತ್ತಾರೆ. ಆಫ್ರಾ ಸಂದೇಶನಿಗೆ ಮೇಲ್ ಹಾಕಿದ್ದರು. ಉತ್ತರವಿಲ್ಲ. ಮತ್ತೆ ಹಾಕಿದರು. ಕೊನೆಗೆ ಕೋಡಿನಲ್ಲಿದ್ದ ಇನ್ನೊಂದು ಹೆಸರನ್ನು ಹುಡುಕಿಕೊಂಡು ಬಂದು, ಸಂದೇಶ್ ಎಲ್ಲಿದ್ದಾರೆ ಅಂತ ಸುಪ್ರೀತಕ್ಕನನ್ನು ಕೇಳಿದರು.

ತೂತು ಮುಚ್ಚಲು ಕಷ್ಟವಾಗಲಿಲ್ಲ. ಸುಪ್ರೀತಕ್ಕ ಕಾಲೇಜು ಬಿಟ್ಟ ಮೇಲೆ ಲ್ಯಾಬಿನಲ್ಲೇ ಕೂತು ಬರೆದರು, ನಾವು ಒಂದಿಷ್ಟು ಮಂದಿ ಅದನ್ನು ಹಿಂದಿನಿಂದ ಮುಂದಿನಿಂದ ಪರೀಕ್ಷಿಸಿದೆವು. ನನಗೋ ಆಕಾಶ ಮೂರೇ ಗೇಣು, ನಿಜವಾದ ಕೋಡು, ನಿಜವಾದ ತೂತು, ನಾನು ಅದನ್ನು ಮುಟ್ಟುತ್ತಿದ್ದೇನೆ ಅಂತ. ಎಲ್ಲ ತಯಾರಾದ ಮೇಲೆ ನಾನೇ ಕೇಳಿದ್ದು, ಅಕ್ಕ ಯಾವಾಗ ಬಿಡುವುದು ಎಂದು. ಸಂದೇಶನ ಪಾಸ್‌ವರ್ಡ್ ಅವನ ಲ್ಯಾಪ್‌ಟಾಪಿನಲ್ಲಿ ಉಂಟು, ಕೀ ಮನೆಯಲ್ಲಿ ಎಲ್ಲಿಯಾದರೂ ಇರಬೇಕು, ನಾಳೆ ತರುತ್ತೇನೆ ಅಂದರು ಸುಪ್ರೀತಕ್ಕ.

ಆ ಸಂಜೆ ಅವರು ಮೊಳೆ ನೋಡಿದರು, ಕಪಾಟು ನೋಡಿದರು, ಪ್ಲಾಸ್ಟಿಕ್ ಕವರ್ ನೋಡಿದರು. ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ತಾಯಿಯನ್ನು ಕೇಳಿದರು.

"ಅದಾ? ಅದನ್ನು ಅವನಿಗೇ ಕೊಟ್ಟೆನಲ್ಲ."

"ಯಾರಿಗಮ್ಮ?"

"ಸಂದೇಶನಿಗೆ. ಬೊಜ್ಜದ ದಿನ. ಅದಿಲ್ಲದಿದ್ರೆ ತನಗೆ ಒಳಗೆ ಹೋಗ್ಲಿಕ್ಕೇ ಆಗುದಿಲ್ಲ ಅಂತ ಅವನೇ ಹೇಳ್ತಾ ಇದ್ದ."

 ತಾಯಿಗೆ ತಾನು ತಪ್ಪು ಮಾಡಿದ್ದೇನೆ ಎಂಬ ಅನುಮಾನವೇ ಇರಲಿಲ್ಲ. ಆ ಮನೆಯಲ್ಲಿ ಇಷ್ಟು ದಿನಗಳಲ್ಲಿ ಅವರಿಗೆ ಸಮಾಧಾನ ಕೊಟ್ಟದ್ದು ಅದೊಂದೇ. ಮಗನ ಕೈಯಲ್ಲಿ ಅವನ ಕೀ ಉಂಟು, ಅವನಿಗೆ ಬೇಕಾದಾಗ ತನ್ನ ಕೆಲಸಕ್ಕೆ ಹೋಗಿ ಬರುತ್ತಾನೆ. ಸಂಜೆ ದೀಪ ಹಚ್ಚಿದ ಮೇಲೆ ಅವರು ಜಗಲಿಯಲ್ಲಿದ್ದ ಲ್ಯಾಪ್‌ಟಾಪಿನ ಮೇಜಿನ ಕಡೆ ಒಮ್ಮೆ ನೋಡಿ ಒಳಗೆ ಹೋಗುವುದನ್ನು ಸುಪ್ರೀತಕ್ಕ ಗಮನಿಸಿದ್ದರು, ಯಾಕೆಂದು ಈಗ ಅರ್ಥವಾಯಿತು.

ಬೇರೆ ದಾರಿ ಇರಲಿಲ್ಲವೇ ಅಂತ ನಾನೂ ಕೇಳಿದ್ದೇನೆ. ಸೈಟಿನವರಿಗೆ ಬರೆದರು. ಮರಣ ಪತ್ರ ಕಳಿಸಿ, ಪರಿಶೀಲಿಸುತ್ತೇವೆ ಅಂತ ಉತ್ತರ ಬಂತು, ಕಳಿಸಿದರು, ಆಮೇಲೆ ಅಲ್ಲಿಂದ ಸುದ್ದಿಯಿಲ್ಲ. ತಡಮೆಗೆ ಹೊಸ ಹೆಸರು ಕೊಟ್ಟು ಬೇರೆಯಾಗಿ ಬಿಡಬಹುದಿತ್ತು. ಆದರೆ ಹಳೆಯದು ತೂತಿನ ಸಮೇತ ಅಲ್ಲೇ ಇರುತ್ತದೆ, ಗೊತ್ತಿಲ್ಲದವರು ಅದನ್ನೇ ಇಳಿಸಿಕೊಳ್ಳುತ್ತಾರೆ. ಒಂದು ದಿನ ತೂತಿನ ಸಂಗತಿ ಹೊರಗೆ ಬಿದ್ದಾಗ ಇದನ್ನು ಬಳಸಬೇಡಿ ಅಂತ ಕೆಂಪು ಪಟ್ಟಿ ಏಳುತ್ತದೆ, ಪಟ್ಟಿಯ ಕೆಳಗೆ ಸಂದೇಶನ ಹೆಸರು.

ಸುಪ್ರೀತಕ್ಕ ಜತ್ತಪ್ಪ ಗುರಿಕಾರರ ಮನೆಗೆ ಹೋದರು. ಅವರು ಎಲ್ಲ ಕೇಳಿ, ಸತ್ತವರಿಗೆ ಕೊಟ್ಟದ್ದನ್ನು ಹಿಂದೆ ಕೇಳಿದ್ದು ತನ್ನ ಕಾಲದಲ್ಲಿ ಇಲ್ಲ ಅಂದರು. ಹಾಗೆ ಮಾಡಿದರೆ ಹೋದವನು ಕುಲೆಯಾಗಿ, ಅಂದರೆ ಪ್ರೇತವಾಗಿ, ಮನೆಯ ಸುತ್ತ ತಿರುಗುತ್ತಾನೆ ಅಂತ ಹೇಳುವವರು ಹೇಳುತ್ತಾರೆ.

"ಆದ್ರೆ ಕೊಟ್ಟದ್ದು ನಾನಲ್ಲ ಮಗಾ, ನಿನ್ನಮ್ಮ. ಅವಳೇ ಕೈಯೊಡ್ಡಿ ಕೇಳಿದ್ರೆ ಅವ ಇಲ್ಲ ಅನ್ಲಿಕ್ಕಿಲ್ಲ. ನೀನು ಕೇಳಿದ್ರೆ ನಾನು ಮಣ್ಣು ಮುಟ್ಟುದಿಲ್ಲ."

ಸುಪ್ರೀತಕ್ಕ ಮನೆಗೆ ಬಂದು ತಾಯಿಗೆ ಏನೂ ಹೇಳಲಿಲ್ಲ.  ಆ ಭಾನುವಾರ ಹೇಳಿದ್ದು ಆಫ್ರಾ. ಅವರು ಬಸ್ಸಿನಲ್ಲಿ ವಾಮದಪದವಿಗೆ ಬಂದು, ಅಲ್ಲಿಂದ ರಿಕ್ಷಾ ಮಾಡಿ ಮನೆಗೆ ಬಂದು, ಜಗಲಿಯಲ್ಲಿ ಪದ್ಮಾಕ್ಷಿಯಮ್ಮನ ಎದುರು ನೆಲದಲ್ಲಿ ಕೂತರು. ಆಫ್ರಾನ ಅಜ್ಜಿ ಬೀಪಾತುಮ್ಮನೂ ಬೀಡಿ ಕಟ್ಟಿದವರೇ, ಹಾಗಾಗಿ ಮೊದಲು ಸ್ವಲ್ಪ ಹೊತ್ತು ಎಲೆಯ ಮಾತಾಯಿತು, ಬ್ರಾಂಚಿನವರು ಈಗ ಕೊಡುವ ಎಲೆ ಎಷ್ಟು ಹಾಳು ಅಂತ ಆಯಿತು. ಆಮೇಲೆ ಆಫ್ರಾ ತೂತಿನ ಬಗ್ಗೆ ಹೇಳಿದರು. ಒಂದು ಕ್ಲಿನಿಕ್ಕಿನಲ್ಲಿ ಒಬ್ಬ ಕಂಪೌಂಡರನನ್ನು ಹೆಂಗಸರ ಜೊತೆ ಸರಿಯಾಗಿ ನಡೆದುಕೊಳ್ಳದ್ದಕ್ಕೆ ಕೆಲಸದಿಂದ ತೆಗೆದಿದ್ದಾರೆ ಅಂತ ಇಟ್ಟುಕೊಳ್ಳಿ, ಅವನು ಮನೆಯಲ್ಲಿ ಕೂತು ಈಗಲೂ ಆ ಹೆಂಗಸರ ರಿಪೋರ್ಟು ತೆರೆದು ನೋಡಬಹುದು. ಅದನ್ನು ಮುಚ್ಚಿದ ವರ್ಷನ್ ಬಿಡಲು ದೂಪೆಯಲ್ಲಿರುವ ಕೀಯೇ ಬೇಕು, ಅದನ್ನು ಕೇಳಬೇಕಾದವರು ನೀವೇ ಅಂದರು. ಅಷ್ಟು ಸಾಕಾಯಿತು. ಪದ್ಮಾಕ್ಷಿಯಮ್ಮ ಕತ್ತರಿ ಕೆಳಗಿಟ್ಟರು.

"ಅದು ಸಂದೇಶ ಮಾಡಿದ ತಪ್ಪಾ?"

ಆಫ್ರಾ ಹೇಳಿದರು, "ಎಲ್ಲರ ಕೋಡಿನಲ್ಲೂ ಇರ್ತದೆ ಅಮ್ಮ. ಅವರಿದ್ದಿದ್ರೆ ನಾನು ಹೇಳಿದ ದಿನವೇ ಸರಿ ಮಾಡ್ತಿದ್ರು."

"ಸರಿ ಮಾಡದಿದ್ರೆ ಅವನನ್ನು ಬಯ್ತಾರಾ?"

ಆಫ್ರಾ ಸುಪ್ರೀತಕ್ಕನನ್ನು ನೋಡಿದರು. ಪದ್ಮಾಕ್ಷಿಯಮ್ಮ ಮಗಳ ಕಡೆ ತಿರುಗಿದರು. ಇಷ್ಟು ದಿನ ನೀನು ಅದಕ್ಕೇ ಊಟ ಬಿಟ್ಟದ್ದಾ ಅಂದರು. ಹೌದು ಅಂದರು ಸುಪ್ರೀತಕ್ಕ. ಆಮೇಲೆ ಆ ತಾಯಿ ಎದ್ದು, ಸೂಪನ್ನು ಗೋಡೆಗೆ ಒರಗಿಸಿ, ಸೀರೆ ಕೊಡವಿ, ಒಂದು ದಿನದ ಮಟ್ಟಿಗೆ ಕೇಳುವ ಅಂದರು. ಬೇಡ ಅಂತ ಯಾರಾದರೂ ತಡೆಯಲಿ ಅಂತ ಕಾದ ಹಾಗೆ ಸ್ವಲ್ಪ ನಿಂತರು. ಯಾರೂ ತಡೆಯಲಿಲ್ಲ.

ಜತ್ತಪ್ಪನವರನ್ನು ಕರೆಸಿದರು. ಮಧ್ಯಾಹ್ನದ ಬಿಸಿಲಿನಲ್ಲಿ ನಾಲ್ವರೂ ಗದ್ದೆಯ ಅಂಚಿಗೆ ಹೋದರು. ದೂಪೆ ಒಣಗಿ ಬಿರುಕು ಬಿಟ್ಟಿತ್ತು. ಪದ್ಮಾಕ್ಷಿಯಮ್ಮ ಅದರ ಮುಂದೆ ಕೂತು, ಮಗ ಒಳಕೋಣೆಯಲ್ಲಿ ಇದ್ದಾನೋ ಎಂಬಂತೆ ಸಾದಾ ದನಿಯಲ್ಲಿ ಮಾತಾಡಿದರಂತೆ.

"ಸಂದೇಶ, ನಿನ್ನ ಕೀ ಒಮ್ಮೆ ಬೇಕು ಮಗಾ. ನಿಂದೇ ಕೆಲಸಕ್ಕೆ. ಸಂಜೆಯೊಳಗೆ ನಾನೇ ತಂದು ಕೊಡ್ತೇನೆ."

ಜತ್ತಪ್ಪನವರು ಮಣ್ಣು ಬಿಡಿಸಿದರು. ಬನಿಯನ್ನಿಗೆ ಆಗಲೇ ಗೆದ್ದಲು ಹಿಡಿದಿತ್ತು. ಕಪ್ಪು ದಾರವನ್ನು ಪದ್ಮಾಕ್ಷಿಯಮ್ಮನೇ ಎಳೆದರು, ಕೀ ಬಂತು. ಅದರ ಬಾಯಿಯೊಳಗೆ ಸೇರಿದ್ದ ಮಣ್ಣನ್ನು ಆಫ್ರಾ ತಲೆಯ ಪಿನ್ನು ತೆಗೆದು ಬಿಡಿಸಿದರು, ಕರವಸ್ತ್ರದಿಂದ ಒರೆಸಿದರು.

ಮನೆಯಲ್ಲಿ ಸಂದೇಶನ ಲ್ಯಾಪ್‌ಟಾಪ್ ತೆರೆದು ಕೀಯನ್ನು ಸಿಕ್ಕಿಸಿದಾಗ ದೀಪ ಬರುತ್ತದೋ ಇಲ್ಲವೋ ಅಂತ ಮೂವರೂ ಬಗ್ಗಿ ನೋಡಿದರು. ಬಂತು. ಪದ್ಮಾಕ್ಷಿಯಮ್ಮ ಬಚ್ಚಲಿಗೆ ಹೋಗಿ ಸಾಬೂನು ಹಾಕಿ ಕೈ ತೊಳೆದು ಬಂದರು. ಸುಪ್ರೀತಕ್ಕ ಕಮಾಂಡ್ ಹೊಡೆದರು. ಹಸಿರು ಮಿಣುಕಿತು, ಆ ಬೆರಳು ಅದನ್ನು ಮುಟ್ಟಿತು, ಸಾಲುಗಳು ಓಡಿದವು, ತೂತು ಮುಚ್ಚಿದ ತಡಮೆ ಹೊರಗೆ ಹೋಯಿತು. ಮೂಡುಬಿದಿರೆಯ ಹಾಸ್ಟೆಲಿನಲ್ಲಿ ಕೂತು ಸೈಟನ್ನು ಮತ್ತೆ ಮತ್ತೆ ಒತ್ತುತ್ತಿದ್ದ ನನಗೆ ಹೊಸ ವರ್ಷನ್ ಕಂಡದ್ದೇ, ಮಂಚದ ಮೇಲೆ ಹತ್ತಿ ಹಾರಿದೆ. ಬಿಟ್ಟವರು: ಸಂದೇಶ್ ಅಂತಲೇ ಇತ್ತು. ಇದೇ ನಿಮಿಷ ಅಂತ ಇತ್ತು.

ಆ ಮನೆಯಲ್ಲೂ ಪದ್ಮಾಕ್ಷಿಯಮ್ಮನಿಗೆ ಖುಷಿಯಾಗಿತ್ತಂತೆ. ಮಗ ಹೋದ ಮೇಲೆ ಮೊದಲ ಬಾರಿ ಅವರು ಹಾಡಿನ ಹಾಗೆ ಏನೋ ಗುಣುಗುಣಿಸುತ್ತಾ ಒಳಗೆ ಚಾ ಇಡಲು ಹೋದರು.

ಆಗ ಆಫ್ರಾ ಮೆಲ್ಲಗೆ ಆ ಮಾತು ತೆಗೆದರು. ಕೀಯನ್ನು ಈಗ ಹಾಗೆಯೇ ದೂಪೆಗೆ ಕೊಡುವಂತಿಲ್ಲ. ಒಂದು ಮಳೆ ಬಂದರೆ ಮಣ್ಣು ಹೋಗುತ್ತದೆ, ದಾರಿಯಲ್ಲಿ ಹೋಗುವವರು ಯಾರು ಬೇಕಾದರೂ ಅದನ್ನು ಎತ್ತಿಕೊಳ್ಳಬಹುದು. ಸಾವಿರಾರು ಕಡೆಯ ಬಾಗಿಲು ಕಾಯುವ ಲೈಬ್ರರಿಯ ಕೀ ಗದ್ದೆಯ ಅಂಚಿನಲ್ಲಿ ಬಿದ್ದಿರಬಾರದು. ಸುಪ್ರೀತಕ್ಕನಿಗೆ ಅದನ್ನು ಹೇಳಬೇಕಾಗಿಯೇ ಇರಲಿಲ್ಲ. ತಡಮೆಗೆ ಕೆಲಸ ಮಾಡುವವರಿಗಾಗಿ ಸಂದೇಶ್ ಬರೆದಿಟ್ಟ ನಿಯಮಗಳಲ್ಲಿ ಅದೂ ಒಂದು: ಬಿಟ್ಟು ಹೋದವರ ಕೀಯನ್ನು ಹೋದ ದಿನವೇ ಸೈಟಿನ ಪಟ್ಟಿಯಿಂದ ತೆಗೆಯಬೇಕು, ಎಷ್ಟೇ ಬೇಕಾದವರಾಗಿರಲಿ. ಆಫ್ರಾ ಬರುವಾಗಲೇ ಒಂದು ಹೊಸ ಕೀ ತಂದಿದ್ದರು.

ಸುಪ್ರೀತಕ್ಕ ಸಂದೇಶನ ಖಾತೆಯಿಂದಲೇ ತಮ್ಮ ಹೆಸರಿಗೂ ಬಿಡುವ ಅಧಿಕಾರ ಕೊಟ್ಟು, ಹೊಸ ಕೀಯನ್ನು ಅದಕ್ಕೆ ಸೇರಿಸಿದರು. ಆಮೇಲೆ ಪಟ್ಟಿಯಲ್ಲಿ ಸಂದೇಶನ ಕೀಯ ಎದುರಿದ್ದ, ತೆಗೆಯುವ ಗುಂಡಿಯನ್ನು ಒತ್ತಿದರು. ಖಂಡಿತವಾಗಿ ತೆಗೆಯಬೇಕೇ ಅಂತ ಕೇಳಿತು. ಅಡುಗೆಮನೆಯಿಂದ ಲೋಟದ ಶಬ್ದ ಬರುತ್ತಿತ್ತು. ಸುಪ್ರೀತಕ್ಕನ ಕೈ ನಿಂತದ್ದನ್ನು ನೋಡಿ ಆಫ್ರಾ, ನಾನು ಒತ್ತಬೇಕಾ ಅಕ್ಕ ಅಂತ ಕೇಳಿದರು. ಬೇಡ ಅಂತ ಹೇಳಿ ಅವರೇ ಒತ್ತಿದರು. ಕೀಯಲ್ಲಿ ದೀಪ ಉರಿಯುತ್ತಲೇ ಇತ್ತು, ಆದರೆ ಇನ್ನು ಅದನ್ನು ಮುಟ್ಟಿದರೆ ಯಾವುದೂ ತೆರೆಯುವುದಿಲ್ಲ.

ಚಾ ಕುಡಿದು, ಬಿಸಿಲು ಇಳಿಯುವಾಗ ಮತ್ತೆ ಗದ್ದೆಯ ಅಂಚಿಗೆ ಹೋದರು. ಜತ್ತಪ್ಪನವರು ಮಣ್ಣು ಕಲಸಿ ಇಟ್ಟಿದ್ದರು. ಪದ್ಮಾಕ್ಷಿಯಮ್ಮ ಕೀಯನ್ನು ಅಂಗೈಯಲ್ಲಿಟ್ಟುಕೊಂಡು, ದಾರವನ್ನು ಅಚ್ಚುಕಟ್ಟಾಗಿ ಸುತ್ತಿದರು. ಒಳಗೆ ಇಡುವ ಮುಂಚೆ ಮಗಳನ್ನು ಕೇಳಿದರು.

"ಇನ್ನೂ ಅವನಿಗೆ ತೆರಿತದಲ್ಲ ಇದು?"

ಸುಪ್ರೀತಕ್ಕ ನನಗೆ ಹೇಳಿದ್ದು ಇಷ್ಟು. ತೆರೆಯುತ್ತದೆ ಅಂತ ಹೇಳಲು ಬಾಯಿ ತೆರೆದದ್ದೂ ಆಯಿತಂತೆ. ಆದರೆ ಆ ಮುಖ ನೋಡಿ ಆಗಲಿಲ್ಲ. ಅಮ್ಮ ಇನ್ನು ಮುಂದೆಯೂ ಪ್ರತಿ ಸಂಜೆ ಆ ಮೇಜಿನ ಕಡೆ ನೋಡುವುದನ್ನು, ತಾನು ನೋಡಿಯೂ ಸುಮ್ಮನಿರುವುದನ್ನು ನೆನೆದರು.

"ಇಲ್ಲಮ್ಮ. ಇದನ್ನು ನಾನು ತೆಗೆದಿದ್ದೇನೆ. ಇನ್ನು ನನ್ನದರಲ್ಲಿ ಮಾತ್ರ ತೆರೆಯುದು."

"ಯಾವಾಗ ತೆಗ್ದದ್ದು?"

"ನೀನು ಒಳಗೆ ಚಾ ಮಾಡುವಾಗ."

ಜತ್ತಪ್ಪನವರು ಮಣ್ಣಿನ ಬುಟ್ಟಿಯನ್ನು ನೆಲಕ್ಕಿಟ್ಟರು. ಆಫ್ರಾ ಮುಂದೆ ಬಂದು, ಅಮ್ಮ, ನಾನೇ ಹೇಳಿದ್ದು, ಅಕ್ಕನನ್ನು ಬಯ್ಯಬೇಡಿ ಅಂದರು. ಪದ್ಮಾಕ್ಷಿಯಮ್ಮ ಅವರನ್ನು ನೋಡಲಿಲ್ಲ, ಬಯ್ಯಲೂ ಇಲ್ಲ. ಅಂಗೈಯಲ್ಲಿದ್ದ ಕೀಯನ್ನು ಒಮ್ಮೆ ಬೆರಳಿನಿಂದ ಒರೆಸಿದರು.

"ನಂಗೆ ಹೇಳದಿದ್ರೆ ಆಗ್ತಿತ್ತು ಸುಪ್ರೀ," ಅಂದರು.

ಆಮೇಲೆ ಬಗ್ಗಿ, ಲೋಟದ ಪಕ್ಕದಲ್ಲಿ ಅದನ್ನು ಇಟ್ಟರು. ಮಗನಿಗೆ ಏನಾದರೂ ಹೇಳುತ್ತಾರೆ ಅಂತ ಜತ್ತಪ್ಪನವರು ಕಾದರು.  ಪದ್ಮಾಕ್ಷಿಯಮ್ಮ ಮಣ್ಣನ್ನು ಯಾರ ಕೈಗೂ ಕೊಡದೆ ತಾವೇ ಮೆತ್ತಿದರು, ಬಿರುಕುಗಳಿಗೂ ತುಂಬಿಸಿದರು, ಆಗಿ ಮುಗಿದ ಮೇಲೂ ಅಂಗೈಯಿಂದ ಸವರುತ್ತಲೇ ಇದ್ದರು. ಸಾಕು ಪದ್ಮಾಕ್ಷಿ ಅಂತ ಜತ್ತಪ್ಪನವರು ಹೇಳಿದ ಮೇಲೆ ಎದ್ದರು.

ಈಗ ತಡಮೆಯನ್ನು ಬಿಡುವುದು ಸುಪ್ರೀತಕ್ಕ, ನಮ್ಮ ಲ್ಯಾಬಿನಿಂದ. ಕಳೆದ ತಿಂಗಳು ದೊಡ್ಡ ವರ್ಷನ್ ಬಂತು, ಅದರಲ್ಲಿ ನನ್ನದೂ ಒಂದಿಷ್ಟು ಸಾಲು ಉಂಟು, ನಾವು ಲ್ಯಾಬಿನಲ್ಲಿ ಕೂಗಿದ್ದಕ್ಕೆ ಪಕ್ಕದ ಕ್ಲಾಸಿನ ಸರ್ ಬಂದು ಗದರಿಸಿ ಹೋದರು. ಆ ಖುಷಿಯಲ್ಲಿಯೇ ನಾನು ವಾಮದಪದವಿಗೆ ಹೋದದ್ದು, ಪದ್ಮಾಕ್ಷಿಯಮ್ಮನನ್ನು ಕಂಡು ಮಾತಾಡಿಸಿ ಬರೆಯಬೇಕು ಅಂತ. ಅವರು ನನಗೆ ಹಲಸಿನ ಹಪ್ಪಳ ಸುಟ್ಟುಕೊಟ್ಟರು. ಮೇಣದ ಕೈ, ಶಾಕ್ ಹೊಡೆಯುವ ಮಾತು, ಸಾಬೂನು, ಆಟಿ, ಎಲ್ಲವನ್ನೂ ನಗುತ್ತಲೇ ಹೇಳಿದರು. ಮಗನ ಕೊನೆಯ ವರ್ಷನ್ನಿಗೆ ಬೆರಳಿಟ್ಟ ಭಾನುವಾರದವರೆಗೆ ಬಂದು, ಅಷ್ಟೇ ಅಂತ ನಿಲ್ಲಿಸಿದರು. ಉಳಿದದ್ದನ್ನು ನಾನು ಸುಪ್ರೀತಕ್ಕನಿಂದ, ಆಫ್ರಾನಿಂದ ಕೇಳಿದ್ದು.

ಮೊನ್ನೆ ಹೊಸದು ಬಿಟ್ಟಿದ್ದೇವೆ ಅಮ್ಮ ಅಂತ ನಾನು ಹೇಳಿದೆ. ಹೌದಾ ಅಂದರು. ಎಲೆಯ ಕಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬ್ರಾಂಚ್ ಮುಚ್ಚುವ ಹೊತ್ತಾಯಿತು ಅಂತ ಚೀಲ ಹಿಡಿದುಕೊಂಡು ಹೊರಟರು. ಲ್ಯಾಪ್‌ಟಾಪಿದ್ದ ಮೇಜು ಈಗ ಜಗಲಿಯಲ್ಲಿಲ್ಲ. ಅದನ್ನು ತೆಗೆಸಿದ್ದು ಅವರೇ ಅಂತೆ, ನಡೆಯಲಿಕ್ಕೆ ಅಡ್ಡವಾಗುತ್ತದೆ ಅಂತ.